ಎರಡೂ ಹೆಸರಿನವಳು

ಕಲಬುರಗಿ ಕೋರ್ಟಿನ ಕಾಂಪೌಂಡಿಗೆ ಆತು ಒಂದು ಬೇವಿನ ಗಿಡ,
ಅದರ ಬುಡಕ್ಕೆ ನನ್ನ ಟೇಬಲ್ಲು, ಕುಂಟುವ ಕಾಲಿಗೆ
ಶಹಾಬಾದಿ ಕಲ್ಲಿನ ಚೂರು.
ಇಪ್ಪತ್ತಾರು ವರ್ಷ ಮಂದಿಯ ಹೆಸರು ಜೋಡಿಸಿದ್ದೇನೆ:
ಟಿಸಿಯಲ್ಲಿ ಮಹಾಂತಪ್ಪ, ಪಹಣಿಯಲ್ಲಿ ಮಾಂತಪ್ಪ,
ಒಂದರಲ್ಲಿ ಖಾದರಸಾಬ, ಇನ್ನೊಂದರಲ್ಲಿ ಅಬ್ದುಲ್ ಖಾದರ್.
"ಸದರಿ ಎರಡೂ ಹೆಸರುಗಳು ಒಬ್ಬನವೇ ಇದ್ದು,
ಇದು ನನ್ನ ತಿಳುವಳಿಕೆಯ ಮಟ್ಟಿಗೆ ಸತ್ಯ."
ಈ ಸಾಲು ಬೆರಳಿಗೇ ಬರುತ್ತದೆ, ನಾನು ಬೇಕಾಗಿಲ್ಲ.

ಈಗ ನನ್ನ ಹೆಂಡತಿಯ ಸರದಿ.
ರೇಷನ್ ಕಾರ್ಡಿನಲ್ಲಿ ಜಗದಮ್ಮ, ಗಂಡ ರೇವಪ್ಪ.
ಆಧಾರಿನಲ್ಲಿ ಜಗದೇವಿ, ತಂದೆ ಹಣಮಂತರಾಯ.
ಅತ್ತೆಮನೆಯ ಹೆಸರಿಗೆ ಜೋಳ ಬರುತ್ತದೆ,
ತವರಿನ ಹೆಸರಿಗೆ ಹೆಬ್ಬೆಟ್ಟು ಕೂಡುತ್ತದೆ.
ಎರಡರ ನಡುವೆ ಒಂದೇ ಎದೆ,
ಎದೆಯೊಳಗೆ ಬಿಡಿಸಿಕೊಂಡ ಒಂದು ಕದ.

ನನಗೆ ಮೊದಲು ತಿಳಿದದ್ದು ರೊಟ್ಟಿಯ ಸಪ್ಪಳದಿಂದ.
ಖಾನಾವಳಿಗೆ ದಿನಕ್ಕೆ ನೂರಿಪ್ಪತ್ತು ಬಡಿಯುವವಳು
ಒಂದು ರೊಟ್ಟಿಗೆ ಎರಡು ಸಲ ಕೈ ನಿಲ್ಲಿಸತೊಡಗಿದಳು.
"ಹಿಟ್ಟು ಛಲೋ ಇಲ್ರೀ, ಜಿಗಿನೇ ಇಲ್ಲ" ಅಂದಳು.
ನಾನು ಹೋಗಿ ಗಿರಣಿಯವನ ಕೂಡ ಜಗಳಾಡಿ ಬಂದೆ.

"ಸಣ್ಣಾಕಿ ಇದ್ದಾಗ ಜ್ವರ ಬಂದು ಕೀಲು ಬಾತಿದ್ದವೇನಮ್ಮಾ?"
ಬಾತಿದ್ದವು. ಚಿತ್ತಾಪುರದಲ್ಲಿ, ಏಳನೇ ವಯಸ್ಸಿಗೆ.
ಅವ್ವ ಎಕ್ಕೆಲೆ ಕಾಸಿ ಕಟ್ಟಿದಳು, ಬಾವು ಇಳಿಯಿತು,
ಮತ್ತೆ ಶಾಲೆಗೂ ಹೋದಳು, ಕುಂಟಾಟವನ್ನೂ ಆಡಿದಳು.
ಜ್ವರ ಮಾತ್ರ ಹೊರಗೆ ಹೋಗಲಿಲ್ಲವಂತೆ,
ಒಳಗೇ ಕೂತು ಮೂವತ್ನಾಲ್ಕು ವರ್ಷ ಚೌಕಟ್ಟು ತಿಂದಿತಂತೆ.

ಸಂಘದ ಸಾಲದ ಜೊತೆ ಬಂದಿದ್ದ ವಿಮೆ ಒಂದಿತ್ತು.
ಕಾಯಿಲೆ ಯಾವಾಗಿನಿಂದ ಎಂದು ಫಾರಂ ಕೇಳಿತು.
ಸತ್ಯ ಬರೆದು ರೂಢಿ, ಎಕ್ಕೆಲೆಯವರೆಗೆ ಎಲ್ಲ ಬರೆದೆ.
"ಮೊದಲೇ ಇದ್ದ ರೋಗ" ಎಂದು ವಾಪಸು ಬಂತು.
ಆ ರಾತ್ರಿ ಜೀವನದಲ್ಲಿ ಮೊದಲ ಸಲ
ಚೆಂದ ಟೈಪು ಮಾಡಿದ್ದಕ್ಕೆ ನಾಚಿಕೆಯಾಯಿತು.

ಉಳಿದದ್ದು ಸರಕಾರದ ಕಾರ್ಡು. ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ
ಕೌಂಟರಿನ ಹುಡುಗಿ ಹನ್ನೊಂದು ದಿನ ಪರದೆ ತಿರುಗಿಸಿ ತೋರಿಸಿದಳು:
ಪರಿಶೀಲನೆಯಲ್ಲಿದೆ.
ಲೋಹದ ಕದವಾದರೆ ಬಹಳ ಬಾಳಿಕೆ,
ಆದರೆ ಸಾಯೋತನಕ ಗುಳಿಗೆ, ಮೇಲಿಂದ ಮೇಲೆ ರಕ್ತ ಪರೀಕ್ಷೆ.
ದನದ ಪೊರೆಯದಾದರೆ ಗುಳಿಗೆ ಕಡಿಮೆ, ಬಾಳಿಕೆಯೂ ಕಡಿಮೆ.
"ಕಾರ್ಡಿನಾಗ ಯಾವುದು ಬರ್ತದವ್ವಾ?"
"ಮಂಜೂರಾದ ಮ್ಯಾಗ ಗೊತ್ತಾಗ್ತದ್ರೀ ಕಾಕಾ."

ಮಂಜೂರಾಗದಿದ್ದರೆ ಎರಡು ಲಕ್ಷದ ಎಂಬತ್ತು ಸಾವಿರ.
ಬ್ಯಾಂಕಿನಲ್ಲಿ ನಲವತ್ತೊಂದು.
ಅವಳ ಭಿಶಿ ಮೂವತ್ತು, ಪಾಳಿ ಬರುವುದು ದೀಪಾವಳಿಗೆ.
ಹಳೆಯ ಟೈಪ್‌ರೈಟರಿಗೆ ಗುಜರಿಯ ಮೌಲಾಲಿ ಎಂಟು ನೂರು ಅಂದ,
ನನ್ನ ಮುಖ ನೋಡಿ ಒಂಬೈನೂರು ಮಾಡಿದ.

ಪ್ರಮಾಣಪತ್ರ ನಾನೇ ಕುಟ್ಟಿದೆ.
"ಸದರಿ ಎರಡೂ ಹೆಸರುಗಳು" ಎನ್ನುವಲ್ಲಿ ಬೆರಳು ನಿಂತವು.
ಮಲಗಿದರೆ ಉಸಿರು ಕಟ್ಟುತ್ತದೆಂದು
ನಸುಕಿನ ಮೂರಕ್ಕೆ ಗೋಡೆಗೆ ಆತು ಕೂರುವವಳು ಯಾರು,
ನನ್ನ ಕಣ್ಣು ತೆರೆದರೆ ಸುಳ್ಳೇ ನಿದ್ದೆ ಮಾಡುವವಳು ಯಾರು?
ಇಬ್ಬರೂ ಒಬ್ಬಳೇ ಎಂದು ಯಾವ ತಿಳುವಳಿಕೆಯಿಂದ ಹೇಳಲಿ?

ನೋಟರಿ ಪಟವಾರಿ ವಕೀಲರು ಸೀಲು ಒತ್ತಿದರು.
ದೋಸ್ತಿಯಲ್ಲೂ ಹತ್ತು ರೂಪಾಯಿ ಬಿಡದ ಮನುಷ್ಯ
ಫೀಸು ಬೇಡವೆಂದರು. ಆಗ ನಿಜಕ್ಕೂ ಹೆದರಿಕೆಯಾಯಿತು.

ನಿನ್ನೆ ನಾಲ್ಕೂ ಹತ್ತಕ್ಕೆ ಮೊಬೈಲು ಗುಂಯ್‌ಗುಟ್ಟಿತು.
ಮಂಜೂರು. ಕೆಳಗೆ ಸಣ್ಣ ಅಕ್ಷರದಲ್ಲಿ
ಮೂವತ್ತಾರು ಸಾವಿರ ವ್ಯತ್ಯಾಸ, ಸ್ಪಷ್ಟೀಕರಣ ಬಾಕಿ.
ಬಿಸಿಲಲ್ಲಿ ಸೈಕಲ್ಲು ತುಳಿದು ಮನೆಗೆ ಬಂದೆ.
ಗೋಡೆಗೆ ಆತು ಕೂತು ರೊಟ್ಟಿ ಎಣಿಸುತ್ತಿದ್ದಳು,
ಹತ್ತಕ್ಕೊಮ್ಮೆ ದಮ್ಮು ತಿಂದು.

"ಯಾರ ಹೆಸರಿಗಿ ಬಂತ್ರೀ?" ಕೇಳಿದಳು.
ಜಗದೇವಿ, ಅಂದೆ.
"ಹಂಗಾದ್ರ ಅಕಿ ಹೋಗಿ ಕೊಯಿಸ್ಕೊಂಡು ಬರ್ಲಿ.
ಜಗದಮ್ಮಗ ಶನಿವಾರ ಇನ್ನೂರು ರೊಟ್ಟಿ ಕೊಡೂದದ."